ಮೀಟರಿನ ಗೋಡೆ, ಹಾಲಿನ ಗೆರೆ

ಬೇವಿನಗುಂಟೆ, ಬಂಗಾರಪೇಟೆ ತಾಲ್ಲೂಕು
12-1-1987

ಮಗಳು ಅನಸೂಯಳಿಗೆ ಅಪ್ಪ ಚಿಕ್ಕಮುನಿಯಪ್ಪ ಬರೆಯುವುದು.

ಇಲ್ಲಿ ದನಕರುಗಳೂ ನಾವಿಬ್ಬರೂ ಇದ್ದ ಹಾಗೇ ಇದ್ದೇವೆ. ನೀನು ಹೇಗಿದ್ದೀಯ ಎಂದು ಕೇಳುವುದಿಲ್ಲ. ಕೇಳಿದರೆ ಚೆನ್ನಾಗಿದ್ದೀನಿ ಎಂದೇ ಬರೆಯುತ್ತೀಯ. ಹೋದ ವಾರ ನಿಮ್ಮವ್ವ ರಾಗಿಹಿಟ್ಟು ತಗೊಂಡು ಬೆಳಿಗ್ಗೆ ರೈಲಿಗೆ ಊರಿಗಾಂಗೆ ಬಂದು ಸಾಯಂಕಾಲ ವಾಪಸು ಬಂದಳಲ್ಲ, ಚೀಲ ಇನ್ನೂ ಕೆಳಗಿಟ್ಟಿರಲಿಲ್ಲ, "ಮಗೀಗೆ ಕಣ್ ಸುತ್ತಾ ಕಪ್ಪು ಬಿದ್ದೈತೆ. ನಿದ್ದೆ ಬರಾಕಿಲ್ಲ ಅಂತಾಳೆ" ಅಂದಳು. ಅವತ್ತಿನಿಂದ ನನಗೂ ಊಟ ಸೇರುತ್ತಿಲ್ಲ.

ಇನ್ನೊಂದು ಮಾತನ್ನೂ ಹೇಳಿದಳು. ನಿನ್ನ ಮಂಚದ ತಲೆ ಇರುವ ಗೋಡೆಯ ಮೇಲೆಯೇ ಕರೆಂಟಿನ ಮೀಟರು ಇದೆಯಂತೆ, ಗೋಡೆಯ ಆ ಕಡೆ ಇಡೀ ಸಾಲಿನ ಹನ್ನೆರಡು ಮನೆಗೆ ವೈರು ಹೋಗುವ ದೊಡ್ಡ ಪೆಟ್ಟಿಗೆ ಇದೆಯಂತೆ, ಕಿವಿಯಿಟ್ಟರೆ ಗುಂಯ್ ಅನ್ನುತ್ತದಂತೆ. ಇದನ್ನು ಹೇಳಿದ ಮೂರನೇ ದಿನಕ್ಕೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಕಡಲೆಕಾಯಿ ತಗೊಂಡೆ. ತಿಂದು ಮುಗಿಸಿ ಪೊಟ್ಟಣದ ಕಾಗದ ಬಿಡಿಸಿ ಓದಿದರೆ ಹೀಗಿತ್ತು: "ಹೊರದೇಶದಲ್ಲಿ ವಿದ್ಯುತ್ ತಂತಿಗಳ ಸಮೀಪ ವಾಸಿಸುವ ಕುಟುಂಬಗಳ ಮಕ್ಕಳಲ್ಲಿ ಕಾಯಿಲೆ ಹೆಚ್ಚು ಎಂಬ ಶಂಕೆ ಕೆಲವು ವರ್ಷಗಳಿಂದ ಇದ್ದು, ಈ ಬಗ್ಗೆ ತಜ್ಞರು" ಅಷ್ಟೆ. ಆಮೇಲೆ ಹರಿದಿದೆ. ತಜ್ಞರು ಏನಂದರೋ ಗೊತ್ತಿಲ್ಲ. ಕಡಲೆಕಾಯಿಯವನ ಹತ್ತಿರ ಹೋಗಿ ಮಿಕ್ಕ ತುಂಡು ಕೊಡು ಅಂದೆ. "ಅದು ಯಾರ ಒಟ್ಟೆಗೋ ಓಯ್ತು ತಾತ" ಅಂದ.

ನನ್ನ ಓದು ನಾಲ್ಕನೇ ಕ್ಲಾಸಿಗೆ ನಿಂತದ್ದು. ಆದರೂ ಶಂಕೆ ಅಂದರೆ ಏನು ಎಂದು ಗೊತ್ತು. ಎರಡು ವರ್ಷದ ಹಿಂದೆ ಮೊದಲನೇ ಬಸುರು ಐದನೇ ತಿಂಗಳಿಗೆ ಇಳಿದುಹೋಯಿತಲ್ಲ, ಆಗಲೂ ನೀನು ಅದೇ ಮಂಚದಲ್ಲಿ ಮಲಗುತ್ತಿದ್ದೆ. ಈಗ ಮತ್ತೆ ನಾಲ್ಕು ತಿಂಗಳು. ನೀನು ಇಲ್ಲಿಗೆ ಬಂದುಬಿಡು. ನಾನೇ ಬಂದು ಕರೆದುಕೊಂಡು ಹೋಗುತ್ತಿದ್ದೆ, ಆದರೆ ನಿನಗೆ ಗೊತ್ತಿದೆ. ನಮ್ಮಣ್ಣ ದೊಡ್ಡವೆಂಕಟಪ್ಪ ಊರಿಗಾಂ ಚಿನ್ನದ ಗಣಿಯ ಒಳಗೆ ಹೋದವನು ಬರಲಿಲ್ಲ. ಅವತ್ತೇ ನನ್ನ ಸ್ಲೇಟು ಕಿತ್ತುಕೊಂಡು ದನದ ಹಿಂದೆ ಕಳಿಸಿದರು. ದೀಪ ಮುಟ್ಟಿ ನಮ್ಮವ್ವನಿಗೆ ಆಣೆ ಇಟ್ಟಿದ್ದೇನೆ, ಆ ನೆಲ ತುಳಿಯುವುದಿಲ್ಲ, ನಮ್ಮ ಮನೆಯ ಇನ್ನೊಂದು ಆಳು ಆ ಗುಂಡಿಗೆ ಇಳಿಯುವುದಿಲ್ಲ ಎಂದು. ಅಳಿಯ ಮುನಿಶಾಮಿ ಗಣಿಗೆ ಇಳಿಯುವುದಿಲ್ಲ, ಮೇಲಿನ ವರ್ಕ್‌ಶಾಪಿನಲ್ಲಿ ಕೆಲಸ ಅಂತ ತಾಂಬೂಲ ಹಿಡಿದು ಮಾತು ಕೊಟ್ಟದ್ದಕ್ಕೇ ನಿನ್ನನ್ನು ಕೊಟ್ಟದ್ದು.

ಯಾವ ರೈಲಿಗೆ ಬರುತ್ತೀಯ, ಬರೆ. ಸ್ಟೇಷನ್ನಿಗೆ ಬರುತ್ತೇನೆ.

ಚಿಕ್ಕಮುನಿಯಪ್ಪ


ಊರಿಗಾಂ
21-1-1987

ಅಪ್ಪನಿಗೆ,

ನಿನ್ನ ಕಾಗದ ಮೂರು ಸಲ ಓದಿದೆ, ಎರಡು ಸಲ ನಗು ಬಂತು. ಕಡಲೆಕಾಯಿ ಕಾಗದ ನಂಬಿಕೊಂಡು ಮನೆ ಬಿಟ್ಟು ಬಾ ಅಂತೀಯಲ್ಲ. ಪಕ್ಕದ ಮನೆ ಅಮ್ಮಾಜಮ್ಮನಿಗೆ ಓದಿ ಹೇಳಿದೆ. "ಅಯ್ಯೋ ಕಣ್ಣು, ನಾನು ಇಪ್ಪತ್ತು ವರ್ಷ ಆಯ್ತು ಕರೆಂಟ್ ಕೆಲ್ಸದವನ ಜತೇನೇ ಮಲಗ್ತಾ ಇದೀನಿ. ನಂಗೇನಾಯ್ತು, ಆರು ಮಕ್ಕಳಾಯ್ತು" ಅಂದಳು. ಅವಳ ಗಂಡ ಕುಪ್ಪುಸ್ವಾಮಿ ಕಂಪನಿಯಲ್ಲಿ ವೈರ್‌ಮನ್.

ಆದರೂ ನೀನು ಹೇಳಿದ ಮೇಲೆ ಯೋಚನೆ ಬಂತು. ಇರಬಹುದು ಅಪ್ಪ. ಮೀಟರು ತಲೆ ಹತ್ತಿರವೇ ಇದೆ, ಗುಂಯ್ ಅನ್ನುವುದೂ ನಿಜ. ನಿದ್ದೆ ಬರದೇ ಇರುವುದು ಅದರಿಂದಲೇ ಇರಬಹುದು. ಬೇರೆ ಏನು ಕಾರಣ ಇದೆ, ಏನೂ ಇಲ್ಲ.

ಅವರು ಚೆನ್ನಾಗಿದ್ದಾರೆ. ವರ್ಕ್‌ಶಾಪು ಹಗಲು ಮಾತ್ರ, ಸಾಯಂಕಾಲ ಕಂಪನಿಯ ಸೈರನ್ ಊದಿದ ಅರ್ಧ ಗಂಟೆಗೆ ಮನೆಯಲ್ಲಿರುತ್ತಾರೆ. ಬಿಸಿಮುದ್ದೆ ಇಲ್ಲದಿದ್ದರೆ ಮುಖ ಊದಿಸುತ್ತಾರೆ. ಅದಕ್ಕೇ ಈಗ ಬರುವುದಕ್ಕೆ ಆಗುವುದಿಲ್ಲ. ಹೆರಿಗೆಗೆ ಹೇಗೂ ಬರಲೇಬೇಕಲ್ಲ.

ನೀನು ಊಟ ಬಿಡಬೇಡ. ಅವ್ವನಿಗೆ ಹೇಳು, ಇನ್ನು ಮೇಲೆ ನನ್ನ ಕಣ್ಣು ನೋಡಿ ನಿನಗೆ ಹೇಳಬಾರದು ಅಂತ.

ಅನಸೂಯ


ಬೇವಿನಗುಂಟೆ
28-1-1987

ಅನಸೂಯಳಿಗೆ,

ನೀನೇ ಇರಬಹುದು ಅಂದಮೇಲೆ ಮುಗಿಯಿತು. ಇನ್ನು ನಗುವ ಮಾತಲ್ಲ.

ಮೊದಲು ನಮ್ಮ ಮನೆ ಸರಿ ಮಾಡಿಕೊಂಡಿದ್ದೇನೆ. ಸರ್ಕಾರದಿಂದ ಹಾಕಿಕೊಟ್ಟಿದ್ದ ಒಂದು ಬಲ್ಬು ಇತ್ತಲ್ಲ, ನೀನು ಹೆರಿಗೆಗೆ ಬಂದಾಗ ಈ ಮನೆಯಲ್ಲಿ ಕರೆಂಟಿನ ಗಾಳಿಯೂ ಇರಬಾರದು ಎಂದು ಅದನ್ನು ತೆಗೆಸಿದೆ. ಲೈನ್‌ಮ್ಯಾನ್ ಪೆರುಮಾಳ್ ಕಂಬದ ಮೇಲೆ ಕುಳಿತು ಕೇಳಿದ, "ಯಜಮಾನ್ರೇ, ಜನ ಕರೆಂಟ್ ಕೊಡು ಅಂತ ಕಾಲ್ ಇಡೀತಾರೆ, ನೀವು ಕಿತ್ತಾಕು ಅಂತೀರಿ. ಏನು, ಕಚ್ತಾ?"

"ಕಚ್ಚಾಕಿಲ್ಲ ಕಣಪ್ಪ. ಉಸುರಾಡ್ತದೆ" ಅಂದೆ.

ನಿಮ್ಮವ್ವ ನರಸಮ್ಮನ ಬಾಯಿ ನಿನಗೆ ಗೊತ್ತಲ್ಲ, ಕೊಟ್ಟಿಗೆಯಿಂದಲೇ ಅಂದಳು, "ಕೀಳಪ್ಪ, ಕೀಳು. ನಾಳೆ ಚಂದ್ರನ್ನೂ ಕಿತ್ತಾಕು ಅಂತಾನೆ ಈವಯ್ಯ. ಅದೂ ರಾತ್ರಿಯೆಲ್ಲಾ ಉರೀತದಲ್ಲ." ಮೂರು ದಿನದಿಂದ ಸೀಮೆಎಣ್ಣೆ ಬುಡ್ಡಿಯ ಮಸಿ ತೋರಿಸಿ ತೋರಿಸಿ ನನ್ನ ಪ್ರಾಣ ತಿನ್ನುತ್ತಿದ್ದಾಳೆ. ತಿನ್ನಲಿ.

ಈಗ ನೀನು ಮಾಡಬೇಕಾದ್ದು. ನಮ್ಮ ಹಾಲಿನ ಸಂಘದಲ್ಲಿ ರೇಡಿಯೋ ವೈರಿನ ಹತ್ತಿರ ಇಟ್ಟರೆ ಗರ್ ಅನ್ನುವುದನ್ನು ಕಣ್ಣಾರೆ ಕಂಡಿದ್ದೇನೆ. ನಿನ್ನ ಟ್ರಾನ್ಸಿಸ್ಟರಿನ ಮುಳ್ಳನ್ನು ಯಾವ ಸ್ಟೇಷನ್ನೂ ಇಲ್ಲದ ಕಡೆ ನಿಲ್ಲಿಸಿ ಗೋಡೆ ಉದ್ದಕ್ಕೂ ಹಿಡಿದುಕೊಂಡು ನಡೆ. ಗರ್ ಅಂದ ಕಡೆ ತಲೆ ಇಡಬೇಡ.

ಇನ್ನೊಂದು ಮುಖ್ಯವಾದ್ದು. ಎಷ್ಟು ನಿದ್ದೆ ಬಂತು ಎಂದು ಬಾಯಲ್ಲಿ ಹೇಳಿದರೆ ನನಗೆ ಲೆಕ್ಕ ಸಿಗುವುದಿಲ್ಲ. ಹಾಲು ಹಾಕಿದ ಮನೆಯ ಬಾಗಿಲಲ್ಲಿ ಗೆರೆ ಎಳೆಯುವ ಹಾಗೆ ಎಳೆ. ಸೀಮೆಸುಣ್ಣ ತಗೊ. ಪೂರ್ತಿ ನಿದ್ದೆಗೆ ಒಂದು ಉದ್ದ ಗೆರೆ, ಅದು ಸೇರು. ಅರ್ಧ ನಿದ್ದೆಗೆ ಅರ್ಧ ಗೆರೆ. ಸುಮ್ಮನೆ ಜೊಂಪು ಹತ್ತಿದರೆ ಚುಕ್ಕೆ, ಅದು ಪಾವು. ಏನೂ ಇಲ್ಲದಿದ್ದರೆ ಸೊನ್ನೆ. ಫೆಬ್ರವರಿ ಎರಡನೇ ತಾರೀಖು ಸೋಮವಾರದಿಂದ ಹಾಕು, ಮೂರು ವಾರಕ್ಕೊಮ್ಮೆ ಕಾಗದಕ್ಕೆ ಇಳಿಸಿ ಕಳಿಸು.

ಹಾಲಿನ ಗೆರೆಗೆ ಸುಳ್ಳು ಹಾಕಿದರೆ ಏನಾಗುತ್ತದೆ ಎಂದು ನಿನಗೆ ಹೇಳಬೇಕಾಗಿಲ್ಲ. ಏಳು ವರ್ಷದವಳಿದ್ದಾಗ ಸ್ಟೇಷನ್ ಮಾಸ್ಟರ ಮನೆ ಬಾಗಿಲಲ್ಲಿ ಆಟಕ್ಕೆ ಒಂದು ಗೆರೆ ಜಾಸ್ತಿ ಎಳೆದೆ. ನಮ್ಮ ಹಸು ಕೆಂದಿ ಮೂರು ದಿನ ಹಾಲು ಇಳಿಸಲಿಲ್ಲ. ಅಳುತ್ತಾ ಎರಡು ಮೈಲಿ ಓಡಿಹೋಗಿ ಲಂಗದಲ್ಲಿ ಒರೆಸಿ ಬಂದೆಯಲ್ಲ.

ಚಿಕ್ಕಮುನಿಯಪ್ಪ


ಊರಿಗಾಂ
22-2-1987

ಅಪ್ಪನಿಗೆ,

ನೀನು ಹೇಳಿದ್ದೆಲ್ಲಾ ಮಾಡಿದ್ದೇನೆ. ರೇಡಿಯೋ ಹಿಡಿದುಕೊಂಡು ಗೋಡೆ ಸವರುತ್ತಿದ್ದರೆ ಸಾಲಿನ ಹೆಂಗಸರೆಲ್ಲ ಬಾಗಿಲಲ್ಲಿ ನಿಂತಿದ್ದರು. ಮೀಟರಿನ ಹತ್ತಿರ ಗರ್ ಅಂದಿತು, ನಾಲ್ಕು ಹೆಜ್ಜೆ ಈಚೆ ಬಂದರೆ ಸುಮ್ಮನಾಯಿತು. ಕುಪ್ಪುಸ್ವಾಮಣ್ಣ ಬಂದು ನೋಡಿ ತಲೆ ಕೆರೆದುಕೊಂಡು, "ರೇಡಿಯೋಗೆ ಕಿವಿ ಐತೆ, ಅದಕ್ಕೆ ಕೇಳ್ತದೆ. ನಿನ್ ತಲೇಲಿ ಏರಿಯಲ್ ಐತಾ ತಾಯಿ?" ಅಂದ. ಅಮ್ಮಾಜಮ್ಮ, "ಅವಳ ತಲೇಲಿಲ್ಲ, ಅವರಪ್ಪನ ತಲೇಲಿ ಐತೆ" ಅಂದಳು. ಕೋಪ ಮಾಡಿಕೊಳ್ಳಬೇಡ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮನನ್ನೂ ಕೇಳಿದೆ. ನಗಲಿಲ್ಲ ಅವರು. ಕರೆಂಟು ಹರಿಯುವ ಕಡೆ ಸುತ್ತಲೂ ಒಂದು ಸೆಳೆತ ಇರುವುದು ನಿಜ, ನಾಲ್ಕಡಿ ದೂರ ಹೋದರೆ ಬಹಳ ಕಮ್ಮಿಯಾಗುತ್ತದೆ, ಮನೆಯ ವೈರಿನಿಂದ ನಿದ್ದೆ ಕೆಡುತ್ತದೆ ಮಗುವಿಗೆ ತೊಂದರೆ ಎಂದು ಯಾರೂ ತೋರಿಸಿಕೊಟ್ಟಿಲ್ಲ, ಇನ್ನೂ ನೋಡುತ್ತಾ ಇದ್ದಾರೆ ಅಂದರು. "ಮನಸ್ಸಿಗೆ ಸಮಾಧಾನ ಆದ್ರೆ ಮಂಚ ಎಳೆದುಹಾಕು. ಅದು ಬಿಟ್ಟು ಬೇರೆ ಏನಾದ್ರೂ ಚಿಂತೆ ಇದೆಯಾ?" ಅಂತ ಕೇಳಿದರು. ಇಲ್ಲ ಅಂದೆ.

ಗೆರೆ ಹೀಗಿದೆ. ಫೆಬ್ರವರಿ 2ರಿಂದ 8, ಉದ್ದ ಗೆರೆ ಆರು, ಅರ್ಧ ಒಂದು. 9ರಿಂದ 14, ಚುಕ್ಕೆ, ಸೊನ್ನೆ, ಚುಕ್ಕೆ, ಸೊನ್ನೆ, ಸೊನ್ನೆ, ಚುಕ್ಕೆ. 15 ಭಾನುವಾರ ಮಂಚವನ್ನು ಆ ಕಡೆ ಗೋಡೆಗೆ ಎಳೆದೆವು, ಅವತ್ತು ಉದ್ದ ಗೆರೆ. 16ರಿಂದ ನಿನ್ನೆಯವರೆಗೆ ಎಲ್ಲಾ ಉದ್ದ ಗೆರೆ.

ನಿನಗೆ ಸಂತೋಷ ಆಗುತ್ತದೆ ಎಂದು ಗೊತ್ತು.

ಅನಸೂಯ


ಬೇವಿನಗುಂಟೆ
28-2-1987

ಅನಸೂಯಳಿಗೆ,

ನೋಡಿದೆಯಾ. ಮಂಚ ಎಳೆದ ದಿನವೇ ಒಂದು ಸೇರು ನಿದ್ದೆ. ನಿನ್ನ ಕಾಗದವನ್ನು ಸಂಘದಲ್ಲಿ ಎಲ್ಲರ ಮುಂದೆ ಓದಿದೆ. ಕಡಲೆಕಾಯಿ ಕಾಗದ ಅಂತ ನಕ್ಕವರೆಲ್ಲ ಬಾಯಿ ಮುಚ್ಚಿಕೊಂಡರು. ಡಾಕ್ಟರಮ್ಮ ಓದಿದವರು, ನನಗಿಂತ ಬಲ್ಲವರು, ಅದು ಸರಿ. ಇನ್ನೂ ನೋಡುತ್ತಾ ಇದ್ದಾರೆ ಅಂದರಲ್ಲ, ಅವರು ನೋಡಿ ಮುಗಿಸುವಷ್ಟರಲ್ಲಿ ನಾವು ಮೊದಲೇ ನೋಡಿಬಿಟ್ಟೆವು.

ಮಂಚ ಸಾಲದು, ಮನೆಯನ್ನೇ ಬದಲಾಯಿಸಬೇಕು. ಆ ದೊಡ್ಡ ಪೆಟ್ಟಿಗೆ ಇಲ್ಲದ ಸಾಲಿನಲ್ಲಿ ಕೇಳಿ ಪಡೆಯಬೇಕು. ಕೆಳಗಿನ ಸಾಲು ಅಳಿಯನಿಗೆ ಓದಿ ಹೇಳು:

ಅಳಿಯಂದಿರಿಗೆ ಮಾವನ ಮಾತು. ಕೊಟ್ಟ ಮಾತು ಉಳಿಸಿಕೊಂಡು ಮೇಲೆಯೇ ಕೆಲಸ ಮಾಡುತ್ತಿದ್ದೀರಿ. ಅದೊಂದು ನೆಮ್ಮದಿ ಇಲ್ಲದಿದ್ದರೆ ನಾನು ಇಷ್ಟು ಹೊತ್ತಿಗೆ ಹುಚ್ಚನಾಗಿರುತ್ತಿದ್ದೆ. ಇದೂ ಒಂದು ಮಾತು ನಡೆಸಿಕೊಡಿ, ಮನೆ ಬದಲಾಯಿಸಿ.

ಚಿಕ್ಕಮುನಿಯಪ್ಪ


ಊರಿಗಾಂ
9-3-1987

ಅಪ್ಪನಿಗೆ,

ನೀನು ಅವರಿಗೆ ಬರೆದ ಸಾಲು ನಾನು ಓದಿ ಹೇಳಲಿಲ್ಲ. ಕಂಪನಿ ಮನೆ ಏನು ದನದ ಗೂಟವೇ, ಇಲ್ಲಿಂದ ಕಿತ್ತು ಅಲ್ಲಿಗೆ ಬಡಿಯುವುದಕ್ಕೆ. ನನ್ನ ಕಾಗದವನ್ನು ಸಂಘದಲ್ಲಿ ಓದುವುದೂ ಬೇಡ.

ಗೆರೆ ಕೇಳಿದ್ದೀಯ, ಮುಂಚೆಯೇ ಕಳಿಸುತ್ತಿದ್ದೇನೆ. ಫೆಬ್ರವರಿ 22ರಿಂದ ಮಾರ್ಚ್ 1, ಎಲ್ಲಾ ಉದ್ದ ಗೆರೆ. ಮಾರ್ಚ್ 2ರಿಂದ 7, ಸೊನ್ನೆ, ಚುಕ್ಕೆ, ಸೊನ್ನೆ, ಸೊನ್ನೆ, ಅರ್ಧ, ಸೊನ್ನೆ. ನಿನ್ನೆ ಉದ್ದ ಗೆರೆ. ಮಂಚ ಆ ಕಡೆಯೇ ಇತ್ತು, ಮೀಟರಿಂದ ಎಂಟಡಿ ದೂರ.

ಇನ್ನು ಗೆರೆ ಯಾಕೆ. ಬಿಟ್ಟುಬಿಡೋಣ.

ಬೇರೆ ವಿಶೇಷ ಇಲ್ಲ. ಅಲಮಾರಿನ ಮೇಲಿನ ತಟ್ಟೆ ಲೋಟ ಸುಮ್ಮಸುಮ್ಮನೆ ಗಲಗಲ ಅನ್ನುತ್ತವೆ ಎಂದು ಕೆಳಗೆ ಗೋಣಿಚೀಲ ಮಡಿಸಿ ಹಾಸಿದ್ದೇನೆ. ಇಲಿ ಕಾಟ.

ಅನಸೂಯ


ಬೇವಿನಗುಂಟೆ
14-3-1987

ಅನಸೂಯಳಿಗೆ,

ಎಂಟಡಿಗೂ ಬರುತ್ತಿದೆ ಅಂದರೆ ಅದು ಗೋಡೆಯಿಂದ ಗೋಡೆಗೆ ಹಬ್ಬಿದೆ. ಬರೀ ಮೀಟರಲ್ಲ, ಮನೆಯೊಳಗಿನ ವೈರೆಲ್ಲಾ ಸೇರಿ ಮಾಡುತ್ತಿದೆ.

ಗೆರೆ ಬಿಡಬೇಡ. ಕಾಲು ಮುಟ್ಟಿ ಕೇಳಬೇಕಾದರೆ ಅದನ್ನೂ ಕೇಳುತ್ತೇನೆ. ಈ ಸೋಮವಾರದಿಂದ ಸಾಯಂಕಾಲ ಆರು ಗಂಟೆಗೆ ಮೇನ್ ಸ್ವಿಚ್ಚೇ ಇಳಿಸಿಬಿಡು. ಲೈಟು ಬೇಡ, ಫ್ಯಾನು ಬೇಡ. ಲಾಟೀನು ಹಚ್ಚಿಕೊ. ನಾವೂ ಇಲ್ಲಿ ಬುಡ್ಡಿಯಲ್ಲೇ ಇದ್ದೇವೆ. ಅದಕ್ಕೂ ಬಗ್ಗದಿದ್ದರೆ ನಿಮ್ಮವ್ವನನ್ನು ಕಳಿಸುತ್ತೇನೆ, ಅವಳ ಜತೆ ಬಂದುಬಿಡು. ಆರನೇ ತಿಂಗಳು ಇದು. ಹೋದ ಸಲ ಐದಕ್ಕೇ ಹೋಯಿತು. ಅದನ್ನು ದಾಟಿದ್ದೀಯ, ದಾಟಿದ್ದನ್ನು ಕಳೆದುಕೊಳ್ಳಬೇಡ.

ಇಲಿಗೆ ಬೋನು ಇಡು. ಬಸುರಿ ಮನೆಯಲ್ಲಿ ಇಲಿ ಒಳ್ಳೆಯದಲ್ಲ.

ಚಿಕ್ಕಮುನಿಯಪ್ಪ


ಊರಿಗಾಂ
30-3-1987

ಅಪ್ಪನಿಗೆ,

16ನೇ ತಾರೀಖಿನಿಂದ ದಿನಾ ಆರು ಗಂಟೆಗೆ ಮೇನ್ ಇಳಿಸಿದೆ. ಲಾಟೀನಿನಲ್ಲೇ ಊಟ.

ಮಾರ್ಚ್ 9ರಿಂದ 15, ಕರೆಂಟು ಇದ್ದಾಗ, ಉದ್ದ ಗೆರೆ ಏಳು. 16ರಿಂದ 22, ಕರೆಂಟು ಇಲ್ಲದೆ, ಉದ್ದ ಗೆರೆ ಏಳು. 23ರಿಂದ 28, ಕರೆಂಟು ಇಲ್ಲದೆ, ಸೊನ್ನೆ ಆರು. ನಿನ್ನೆ ಉದ್ದ ಗೆರೆ.

ಆಸ್ಪತ್ರೆಯಲ್ಲಿ ಕಾಲು ಊದಿದೆ ಅಂದರು, ರಕ್ತದ ಒತ್ತಡ ಸ್ವಲ್ಪ ಏರಿದೆ ಅಂದರು. ನಿದ್ದೆ ಮಾಡದಿದ್ದರೆ ಮಗುವಿಗೂ ಕಷ್ಟ ನಿನಗೂ ಕಷ್ಟ ಎಂದು ಡಾಕ್ಟರಮ್ಮ ಬೈದರು. ನಾನು ಬೇಕೆಂದೇ ಎದ್ದಿರುತ್ತೇನೆಯೇ?

ಅವ್ವನನ್ನು ಕಳಿಸಬೇಡ. ಬಂದರೂ ನಾನು ಬರುವುದಿಲ್ಲ. ಈ ಮನೆಯಲ್ಲಿ ನಾನು ಇರಬೇಕು. ಯಾಕೆ ಎಂದು ಕೇಳಬೇಡ.

ಅನಸೂಯ


ಬೇವಿನಗುಂಟೆ
5-4-1987

ಅನಸೂಯಳಿಗೆ,

ಮೇನ್ ಸ್ವಿಚ್ಚು ಎತ್ತಿಬಿಡು. ಫ್ಯಾನು ಹಾಕಿಕೊ, ಸೆಕೆ ಶುರುವಾಯಿತು.

ನಿನ್ನ ಮೂರು ಕಾಗದಗಳನ್ನೂ ಕೊಟ್ಟಿಗೆಯ ನೆಲದ ಮೇಲೆ ಪಕ್ಕಪಕ್ಕ ಹಾಸಿ ಗೆರೆಗಳನ್ನು ನೋಡಿದೆ. ಇನ್ನು ಗೆರೆ ಕಳಿಸಬೇಡ. ನಿಮ್ಮವ್ವನನ್ನೂ ಕಳಿಸುವುದಿಲ್ಲ.

ಕೆಂದಿಯ ಮೊಮ್ಮಗಳು ಕರು ಹಾಕಿದೆ. ಹೆಣ್ಣು.

ಚಿಕ್ಕಮುನಿಯಪ್ಪ


ಊರಿಗಾಂ
17-4-1987

ಅಪ್ಪ,

ನಿನ್ನ ಹೋದ ಕಾಗದ ಆರೇ ಸಾಲು ಇತ್ತು. ನೀನು ಆರು ಸಾಲಿಗೆ ನಿಲ್ಲಿಸುವವನಲ್ಲ. ನಿನಗೆ ತಿಳಿದಿದೆ ಎಂದು ಅವತ್ತೇ ಅನ್ನಿಸಿತು, ಆದರೂ ಹೇಳಲು ಧೈರ್ಯ ಬರಲಿಲ್ಲ. ಈಗ ಹೇಳುತ್ತೇನೆ.

ಹೋದ ವರ್ಷ ಅಕ್ಟೋಬರಿನಿಂದ ಅವರು ಕೆಳಗೆ ಗಣಿಗೆ ಇಳಿಯುತ್ತಿದ್ದಾರೆ. ವರ್ಕ್‌ಶಾಪಿನಲ್ಲಿ ಕೆಲಸ ಕಮ್ಮಿಯಾಗಿ ಅರ್ಧ ಜನರನ್ನು ಕೆಳಗೆ ಹಾಕಿದರು. ಇಲ್ಲ ಅಂದರೆ ಕೆಲಸವೂ ಇಲ್ಲ, ಮನೆಯೂ ಇಲ್ಲ. "ನಿಮ್ಮಪ್ಪಂಗೆ ನಾನೇ ಓಗಿ ಯೇಳ್ತೀನಿ, ಕಾಲಿಗೆ ಬೀಳ್ತೀನಿ" ಅಂದರು. ನಾನೇ ಬೇಡ ಅಂದೆ. ಇದನ್ನು ಕೇಳಿದರೆ ಅಪ್ಪ ಸತ್ತೇಹೋಗುತ್ತಾನೆ ಅಂದೆ. ಮೂರು ವಾರಕ್ಕೊಂದು ವಾರ ರಾತ್ರಿ ಪಾಳಿ. ಆ ವಾರ ನಾನು ಗೋಡೆಗೆ ಒರಗಿಕೊಂಡು ಅಲಮಾರು ನೋಡುತ್ತಾ ಕೂರುತ್ತೇನೆ. ಕೆಳಗೆ ಬಂಡೆ ಸಿಡಿದರೆ ಮೊದಲು ತಟ್ಟೆಗಳು ಮಾತಾಡುತ್ತವೆ. ಸಣ್ಣ ಸಿಡಿತಕ್ಕೂ ಗಲಗಲ ಅಂದು ನನ್ನ ಜೀವ ಹೋಗುತ್ತಿತ್ತು, ಅದಕ್ಕೇ ಗೋಣಿ ಹಾಸಿದ್ದು. ಇಲಿ ಇಲ್ಲ. ಗೋಣಿ ಹಾಸಿದ ಮೇಲೆ ಇನ್ನೂ ಕೆಟ್ಟದಾಯಿತು, ಸದ್ದು ಆಗುವುದಿಲ್ಲವಲ್ಲ, ಅದಕ್ಕೆ ಕಣ್ಣು ಬಿಟ್ಟುಕೊಂಡೇ ಇರಬೇಕು.

ನೀನೇ ಕರೆಂಟು ಅಂದೆ, ನಾನು ಹಿಡಿದುಕೊಂಡೆ. ಬಾಯಲ್ಲಿ ಸುಳ್ಳು ಹೇಳಿದೆ, ಕಾಗದದಲ್ಲಿ ಬರೆದೆ. ಗೆರೆಗೆ ಮಾತ್ರ ಸುಳ್ಳು ಹಾಕುವುದಕ್ಕೆ ಕೈ ಬರಲಿಲ್ಲ.

ಬುಧವಾರ 15ನೇ ತಾರೀಖು, ಇನ್ನೂ ಬೆಳಕು ಹರಿದಿರಲಿಲ್ಲ, ಗೋಣಿಯ ಮೇಲಿದ್ದ ತಟ್ಟೆಗಳು ಒಂದೇ ಸಲಕ್ಕೆ ನೆಲಕ್ಕೆ ಬಂದವು. ಗೋಡೆ ಬಿರುಕು ಬಿಟ್ಟಿತು. ಹೆಂಗಸರೆಲ್ಲ ಗಣಿಗೆ ಇಳಿಯುವ ಶಾಫ್ಟಿನ ಗೇಟಿಗೆ ಓಡಿದರು. ಅಮ್ಮಾಜಮ್ಮ ನನ್ನನ್ನು ಬಾಗಿಲಲ್ಲೇ ಹಿಡಿದು ಕೂರಿಸಿದಳು, "ನೀನು ಎದ್ದೆ ಅಂದ್ರೆ ಕಾಲು ಮುರೀತೀನಿ. ನಾನ್ ಓಗಿ ನೋಡ್ಕೊಂಡು ಬತ್ತೀನಿ" ಅಂದಳು. ಹೋದವಳು ನಾಲ್ಕು ಗಂಟೆ ಬರಲಿಲ್ಲ. ಹೊಸ್ತಿಲು ಹಿಡಿದುಕೊಂಡು ಕೂತಿದ್ದೆ. ಹೊಟ್ಟೆಯಲ್ಲಿ ಅದೂ ಅಲ್ಲಾಡಲಿಲ್ಲ, ನನ್ನ ಜತೆ ಅದೂ ಕಿವಿ ಕೊಟ್ಟಿತ್ತೋ ಏನೋ.

ಹತ್ತು ಗಂಟೆಗೆ ಅವರು ನಡೆದುಕೊಂಡು ಬಂದರು. ಮೈಯೆಲ್ಲಾ ಬೂದಿ ಬಣ್ಣ, ಬಲಗೈಯ ಎರಡು ಬೆರಳು ಜಜ್ಜಿದೆ, ಅಷ್ಟೆ. ಬಂದವರು ಮೊದಲು ಕೇಳಿದ್ದು, "ಮೀಟರು ಸರಿಯಾಗೈತಾ?" ಅಂತ. ಇಬ್ಬರೂ ನಕ್ಕು ನಕ್ಕು ಅತ್ತೆವು. ಅವರ ಜತೆಯ ಇಬ್ಬರು ಆಸ್ಪತ್ರೆಯಲ್ಲಿದ್ದಾರೆ, ಉಳಿಯುತ್ತಾರೆ ಅಂದಿದ್ದಾರೆ.

ಅಪ್ಪ, ಇನ್ನೊಂದು ಮಾತು. ಅವತ್ತು ಸಾಯಂಕಾಲ ಕುಪ್ಪುಸ್ವಾಮಣ್ಣ ಒಂದು ಕ್ಯಾನು ತಂದ. "ಯಾವನೋ ವಯಸ್ಸಾದೋನು, ಆಲಿನ ಕ್ಯಾನ್ ಇಡ್ಕೊಂಡು ಏಳೂವರೆ ಗಂಟೆಯಿಂದ ಗೇಟ್ ತಾವ ನಿಂತಿದ್ದ. ಇಲ್ಲೇನಯ್ಯ ಯಾಪಾರ ಅಂದೆ. ಮೇಲಕ್ಕೆ ಬಂದೋರನ್ನೆಲ್ಲಾ ಬೆರಳು ಮಡಿಸಿ ಎಣಿಸ್ತಾ ಇದ್ದ. ನಿನ್ ಗಂಡ ಬಂದ್ನಲ್ಲ, ಅವನ ಮುಖ ನೋಡ್ದ, ಗೋಡೆ ಇಡ್ಕೊಂಡು ಅಂಗೇ ಕುಂತ. ಆಮೇಲೆ ನೋಡಿದ್ರೆ ಆಳಿಲ್ಲ, ಕ್ಯಾನ್ ಐತೆ. ಆಲೆಲ್ಲಾ ಒಡೆದೋಗಿತ್ತು" ಅಂದ. ಕ್ಯಾನಿನ ಮುಚ್ಚಳ ಅವ್ವನ ನೀಲಿ ಸೀರೆಯ ಅಂಚಿನಲ್ಲಿ ಕಟ್ಟಿದೆ.

ಆ ನೆಲ ತುಳಿಯುವುದಿಲ್ಲ ಎಂದು ಆಣೆ ಇಟ್ಟವನು ನೀನು. ನೀನಲ್ಲ ಎಂದು ಬರೆದರೆ ನಂಬುತ್ತೇನೆ. ಕ್ಯಾನು ನಮ್ಮ ಮನೆಯಲ್ಲಿದೆ.

ಅನಸೂಯ


ಬೇವಿನಗುಂಟೆ
24-4-1987

ಅನಸೂಯಳಿಗೆ,

ಕ್ಯಾನು ನಮ್ಮದೇ.

ಗೆರೆಗಳನ್ನು ಹಾಸಿ ನೋಡಿದ ದಿನ ಒಂದು ಗಂಟೆ ಕೊಟ್ಟಿಗೆಯಲ್ಲಿ ಕೂತಿದ್ದೆ. ಎರಡು ವಾರ ಸೇರು, ಒಂದು ವಾರ ಸೊನ್ನೆ. ಭಾನುವಾರ ಬಂದರೆ ಮತ್ತೆ ಸೇರು. ಮಂಚ ಎಳೆದರೂ ಅಷ್ಟೆ, ಮೇನ್ ಇಳಿಸಿದರೂ ಅಷ್ಟೆ. ಕರೆಂಟಿಗೆ ಭಾನುವಾರ ರಜ ಇಲ್ಲ. ಮೂರು ವಾರದ ಲೆಕ್ಕ ನನಗೆ ಎಲ್ಲೋ ಕಂಡದ್ದು ಅನ್ನಿಸಿತು, ಆಮೇಲೆ ನೆನಪಾಯಿತು. ನಮ್ಮಣ್ಣ ಇದ್ದಾಗ ನಮ್ಮವ್ವ ಮೂರು ವಾರಕ್ಕೊಂದು ವಾರ ಒಲೆ ಮುಂದೆ ಕೂತೇ ಬೆಳಗು ಮಾಡುತ್ತಿದ್ದಳು. ಯಾಕವ್ವ ಮಲಗಲಿಲ್ಲ ಅಂದರೆ ಹೊಗೆ ಅನ್ನುತ್ತಿದ್ದಳು. ವರ್ಕ್‌ಶಾಪಿಗೆ ರಾತ್ರಿ ಪಾಳಿ ಇಲ್ಲ ಎಂದು ನೀನೇ ಬರೆದಿದ್ದೆ.

ತಿಳಿದೂ ಯಾಕೆ ಬೈಯಲಿಲ್ಲ ಎಂದು ಕೇಳುತ್ತೀಯ. ಬೈದು ನಾಲ್ಕು ಹಾಳೆ ಬರೆದಿದ್ದೆ. ಅಳಿಯನನ್ನು ಏನೇನೋ ಅಂದಿದ್ದೆ. ಮಾತು ಮುರಿದವನ ಮನೆಯಲ್ಲಿ ಇರಬೇಡ ಎಂದೂ ಬರೆದೆ. ಅಂಚೆಗೆ ಹಾಕಲು ಹೋಗುವಾಗ ನಿನ್ನ ಕಾಲು ಊದಿದೆ ಅಂತ ಬರೆದಿದ್ದೆಯಲ್ಲ, ಅದು ನೆನಪಾಗಿ ಹರಿದು ಹಾಕಿದೆ. ನನ್ನ ಕಾಗದ ಇನ್ನೂ ಎರಡು ಸೊನ್ನೆ ಕೊಡುತ್ತಿತ್ತು, ಅಷ್ಟೆ. ಹರಿದ ಹಾಳೆಯನ್ನು ನಿಮ್ಮವ್ವ ಒಲೆಗೆ ಹಾಕಿದಳು, "ಒಸಿ ಒಳ್ಳೇ ಕೆಲ್ಸ ಮಾಡ್ದೆ ಇವತ್ತು" ಅಂದಳು. ಅವಳಿಗೆ ಜನವರಿಯಲ್ಲೇ ಗೊತ್ತಿತ್ತಂತೆ. ಬಾಗಿಲ ಹಿಂದೆ ಗಣಿಯ ಟೋಪಿ ನೇತುಹಾಕಿದ್ದು ನೋಡಿದ್ದಳಂತೆ. ಮನೆಯಲ್ಲಿ ಎಲ್ಲರೂ ನನ್ನಿಂದ ಮುಚ್ಚಿಟ್ಟು ನನ್ನನ್ನು ಬದುಕಿಸಿಕೊಂಡಿದ್ದೀರಿ. ಇರಲಿ.

15ನೇ ತಾರೀಖು ಹಾಲು ಹಾಕಲು ಸ್ಟೇಷನ್ನಿಗೆ ಹೋಗಿದ್ದೆ. ಮಾರಿಕುಪ್ಪಂ ಕಡೆಯ ರೈಲು ಬಂತು, ಇಳಿದವರು ಕೆಳಗೆ ಬಂಡೆ ಸಿಡಿದಿದೆ ಅಂದರು. ವಾಪಸು ರೈಲು ಹತ್ತಿದ್ದು ನೆನಪಿದೆ, ಇಳಿದದ್ದು ನೆನಪಿಲ್ಲ. ನಲವತ್ತೊಂದು ವರ್ಷ ಆಗಿತ್ತು ಆ ಗೇಟು ನೋಡಿ. ಆಗ ನಮ್ಮವ್ವನ ಸೆರಗು ಹಿಡಿದು ನಿಂತಿದ್ದೆ, ಮೇಲೆ ಬಂದವರನ್ನು ಎಣಿಸುತ್ತಿದ್ದೆ. ಹದಿನೇಳರವರೆಗೆ ಎಣಿಸಿದೆ, ಅಣ್ಣ ಬರಲಿಲ್ಲ. ಈ ಸಲ ಹನ್ನೊಂದನೆಯವನು ಮುನಿಶಾಮಿ. ಮಾತಾಡಿಸಬೇಕು ಅನ್ನಿಸಿತು. ಮಾತಾಡಿಸಿದರೆ ಆಣೆ ಪೂರ್ತಿ ಮುರಿದ ಹಾಗೆ, ಸುಮ್ಮನೆ ನೋಡಿ ಬಂದರೆ ಅರ್ಧ ಮುರಿದ ಹಾಗೆ ಅಂದುಕೊಂಡು ಬಂದುಬಿಟ್ಟೆ. ಹೆದರಿದ್ದೆ, ಅದೇ ನಿಜ. ನಿನ್ನ ಬಾಗಿಲಿಗೂ ಬರದೆ, ಕ್ಯಾನನ್ನೂ ಮರೆತು ವಾಪಸು ರೈಲು ಹತ್ತಿದೆ.

ಕರೆಂಟಿನ ವಿಷಯಕ್ಕೆ ಬರುತ್ತೇನೆ. ನನ್ನ ಹೆದರಿಕೆ ಪೂರ್ತಿ ಹೋಗಿಲ್ಲ. ಆ ಹರಿದ ತುಂಡಿನಲ್ಲಿ ಏನಿತ್ತೋ. ಮಂಚ ಆ ಕಡೆ ಗೋಡೆಗೇ ಇರಲಿ, ಎಳೆದದ್ದು ಎಳೆದಾಯಿತು. ಆದರೆ ಇದನ್ನೂ ಬರೆಯಬೇಕು, ಬರೆಯದಿದ್ದರೆ ನಾನೂ ಸುಳ್ಳುಗಾರನಾಗುತ್ತೇನೆ. ನಿನ್ನ ಲೆಕ್ಕದ ಪ್ರಕಾರ ಮುಂದಿನ ರಾತ್ರಿ ಪಾಳಿ ಏಪ್ರಿಲ್ 13ರಿಂದ ಎಂದು ನಾನೇ ಎಣಿಸಿಕೊಂಡಿದ್ದೆ. ಕೊಟ್ಟಿಗೆ ಬಾಗಿಲ ಮೇಲೆ ನಾನೂ ಸೀಮೆಸುಣ್ಣ ಹಿಡಿದು ನನ್ನ ನಿದ್ದೆಯ ಗೆರೆ ಹಾಕಿದೆ. ಏಪ್ರಿಲ್ 6ರಿಂದ 12, ಉದ್ದ ಗೆರೆ ಐದು, ಅರ್ಧ ಎರಡು. 13 ಸೊನ್ನೆ. 14 ಸೊನ್ನೆ. 15 ಸೊನ್ನೆ. 16, 17, 18 ಸೊನ್ನೆ. 19 ಭಾನುವಾರ ಉದ್ದ ಗೆರೆ. ಈ ಮನೆಯಲ್ಲಿ ಒಂದು ಗೇಣು ವೈರೂ ಇಲ್ಲ.

ಬಲ್ಬು ಮತ್ತೆ ಹಾಕಿಸಲು ಪೆರುಮಾಳನಿಗೆ ಹೇಳಿದ್ದೇನೆ. ಅವನು ನಕ್ಕ ರೀತಿಯನ್ನು ಬರೆಯುವುದಿಲ್ಲ.

ಈಗ ಕೇಳು. ಮುಂದಿನ ರಾತ್ರಿ ಪಾಳಿ ಮೇ 4ರಿಂದ. ಮೇ 3 ಭಾನುವಾರ ಸಾಯಂಕಾಲದ ರೈಲಿಗೆ ನಾನು ಬರುತ್ತೇನೆ. ಕ್ಯಾನು ತಗೊಳ್ಳುವುದಕ್ಕೆ ಅಂತ ಸಂಘದಲ್ಲಿ ಹೇಳಿದ್ದೇನೆ. ಅಳಿಯನಿಗೆ ಹೇಳು, ಕಾಲಿಗೆ ಬೀಳುವುದು ಬೇಡ, ಬೆರಳಿನ ಗಾಯ ನೋಡಬೇಕು. ಆರು ದಿನ ನಾನು ಆ ಅಲಮಾರಿನ ಮುಂದೆ ಕೂರುತ್ತೇನೆ. ಎದ್ದು ಕೂರುವುದು ನನಗೆ ಹೊಸದಲ್ಲ, ಚಿಂತೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಈ ತಾಲ್ಲೂಕಿನಲ್ಲಿ ಇಲ್ಲ ಎಂದು ನಿಮ್ಮವ್ವನೇ ಹೇಳುತ್ತಾಳೆ. ಏನಾದರೂ ಆದರೆ ಎಬ್ಬಿಸುತ್ತೇನೆ. ಎಬ್ಬಿಸದಿದ್ದರೆ ಏನೂ ಆಗಿಲ್ಲ ಎಂದು ತಿಳಿದು ಮಲಗಿರು. ನಿನಗೆ ಸೇರು ಬೀಳಬೇಕು, ಮಗುವಿನ ಪಾಲೂ ಅದರಲ್ಲೇ ಇದೆ.

ನಾನು ಬರುವಷ್ಟರಲ್ಲಿ ತಟ್ಟೆಗಳ ಕೆಳಗಿನ ಗೋಣಿ ತೆಗೆದುಬಿಡು. ನನಗೆ ಕಿವಿ ಸ್ವಲ್ಪ ಮಂದ.

ಚಿಕ್ಕಮುನಿಯಪ್ಪ